ಎಳನೀರು ತರಬೇಡಿ

ನಮ್ಮ ಯಜಮಾನರಿಗೆ ಡಯಾಲಿಸಿಸ್ ಶುರುವಾಗಿ ಎರಡು ವರ್ಷ ಆಯಿತು. ಸೋಮವಾರ, ಬುಧವಾರ, ಶುಕ್ರವಾರ. ಒಂದು ಸಲಕ್ಕೆ ನಾಲ್ಕು ಗಂಟೆ.

ಹೊಸದರಲ್ಲಿ ಚರ್ಚಿನ ಸಭೆಯವರು, ಅಕ್ಕಪಕ್ಕದವರು, ನೆಂಟರು ಎಲ್ಲ ನೋಡಲು ಬಂದರು. ಅರ್ಧ ಜನರ ಕೈಯಲ್ಲಿ ಎಳನೀರು. ಹುಷಾರಿಲ್ಲದವರ ಮನೆಗೆ ಬರಿಗೈಲಿ ಹೋಗಬಾರದು ಅಲ್ವಾ? ಆದರೆ ಕಿಡ್ನಿ ಕೆಟ್ಟವರಿಗೆ ಎಳನೀರು ಆಗಿ ಬರುವುದಿಲ್ಲ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಅದನ್ನು ಹೊರಗೆ ಹಾಕಲು ಕಿಡ್ನಿಗೆ ಆಗದಿದ್ದರೆ ರಕ್ತದಲ್ಲೇ ಉಳಿದು ಎದೆಬಡಿತ ಏರುಪೇರಾಗುತ್ತದೆ. ನಾನು ನಗುತ್ತಾ ಇಸಿದುಕೊಂಡು, ಅವರು ಹೋದ ಮೇಲೆ ಮಕ್ಕಳಿಗೆ ಕೊಡುತ್ತಿದ್ದೆ. ಆ ಎರಡು ತಿಂಗಳು ನಮ್ಮ ಮಕ್ಕಳು ಕುಡಿದಷ್ಟು ಎಳನೀರನ್ನು ಊರಲ್ಲಿ ಇನ್ಯಾರೂ ಕುಡಿದಿರಲಿಕ್ಕಿಲ್ಲ.

ಎಳನೀರಿನ ಜೊತೆ ಬೈಬಲಿನ ಒಂದು ವಚನವೂ ಬರುತ್ತಿತ್ತು. ರೋಮಾಪುರದವರಿಗೆ ಬರೆದ ಪತ್ರಿಕೆ, 8:28. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ ಕೂಡಿ ಬರುತ್ತದೆ ಅನ್ನುವ ಮಾತು. ಆಮೇಲೆ, "ಎಲ್ಲಾ ಆತನ ಚಿತ್ತ ಕಣಮ್ಮ, ಅಳಬೇಡ." ವಚನದಲ್ಲಿ ದೋಷ ಇಲ್ಲ. ಎಳನೀರಿನಲ್ಲೂ ಇಲ್ಲ. ಒಳಗಿಳಿಸಿಕೊಳ್ಳುವ ಶಕ್ತಿ ಆಗ ನನಗಿರಲಿಲ್ಲ, ಅಷ್ಟೇ. ಒಮ್ಮೆಯಂತೂ ಅಡುಗೆಮನೆಗೆ ಹೋಗಿ ಸುಮ್ನೆ ನಲ್ಲಿ ತಿರುಗಿಸಿಕೊಂಡು ನಿಂತಿದ್ದೆ. ಅವರ ಮಾತು ಕೇಳಿಸಬಾರದು ಅಂತ.

ಆಸ್ಪತ್ರೆಯ ಹೊರಗೆ ಕಾಯುವ ನಾಲ್ಕು ಗಂಟೆಯಲ್ಲಿ ಬೈಬಲಿನ ಯೋಬನ ಪುಸ್ತಕ ಓದಿದೆ. ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಕಳೆದುಕೊಂಡ ಒಳ್ಳೆಯವನೊಬ್ಬನ ಕಥೆ. ಒಟ್ಟು 42 ಅಧ್ಯಾಯ. ಮೂವರು ಗೆಳೆಯರು ಬಂದು ಏಳು ದಿನ, ಏಳು ರಾತ್ರಿ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅಂದರೆ ಅದೊಂದೇ. ಬಾಯಿ ಬಿಟ್ಟ ಮೇಲೆ ಎಲ್ಲ ಕೆಟ್ಟಿತು. ದೇವರ ಪರವಾಗಿ ಎಷ್ಟು ಜೋರಾಗಿ ವಕಾಲತ್ತು ಮಾಡುತ್ತಾರೆ ಗೊತ್ತಾ! ಕೊನೆಗೆ ದೇವರಿಗೆ ಸಿಟ್ಟು ಬರುವುದು ಈ ವಕೀಲರ ಮೇಲೇ. ಹುಟ್ಟಿದ ದಿನವನ್ನೇ ಶಪಿಸಿಕೊಂಡು ಕೂಗಾಡಿದ ಯೋಬನು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದ ಅಂತ ದೇವರೇ ಅನ್ನುತ್ತಾನೆ. ಆದರೆ ಯಾಕೆ ಹೀಗಾಯಿತು ಅಂತ ಯೋಬನಿಗೆ ಹೇಳುವುದೇ ಇಲ್ಲ. ಓದುವ ನಮಗೆ ಮೊದಲ ಅಧ್ಯಾಯದಲ್ಲೇ ಗೊತ್ತಾಗುವ ವಿಷಯ ಅವನಿಗೆ ಕೊನೆವರೆಗೂ ಗೊತ್ತಾಗುವುದಿಲ್ಲ.

ಆಮೇಲೆ ವಿಲಿಯಂ ಕೇರಿಯವರ ಬಗ್ಗೆ ಓದಿದೆ. ಇಂಗ್ಲೆಂಡಿನಲ್ಲಿ ಬೂಟು ಹೊಲಿಯುತ್ತಿದ್ದವರು, 1793ರಲ್ಲಿ ಬಂಗಾಳಕ್ಕೆ ಬಂದು ಬೈಬಲ್ ಅನುವಾದಕ್ಕೆ ಕೂತವರು. ಸಂಡೇ ಸ್ಕೂಲಲ್ಲಿ ಇಷ್ಟು ಹೇಳಿಕೊಟ್ಟಿದ್ದರು. ಬೆಂಕಿಯ ಕಥೆ ಹೇಳಿರಲಿಲ್ಲ.

1812ರ ಮಾರ್ಚ್ 11ರ ಸಂಜೆ ಕೋಲ್ಕತ್ತದ ಹತ್ತಿರದ ಸೆರಾಂಪುರದಲ್ಲಿದ್ದ ಅವರ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕೇರಿ ಆಗ ಕೋಲ್ಕತ್ತದಲ್ಲಿದ್ದರು. ಮರುದಿನ ಜೊತೆಗಾರ ಮಾರ್ಷ್‌ಮನ್ ಹೋಗಿ ಸುದ್ದಿ ಹೇಳಿದರು. ಕಾಗದದ ರಾಶಿ ಸುಟ್ಟಿತ್ತು, ಅಚ್ಚಿನ ಮೊಳೆಗಳು ಕರಗಿ ಗಟ್ಟಿಯಾಗಿದ್ದವು. ಹಲವು ಭಾಷೆಗಳ ನಿಘಂಟಿಗೆ ವರ್ಷಗಟ್ಟಲೆ ಬರೆದಿಟ್ಟಿದ್ದೆಲ್ಲ ಬೂದಿ. ಹೋದ ಕೈಬರಹಗಳಲ್ಲಿ ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಕನ್ನಡ ಅನುವಾದವೂ ಇತ್ತು. ಇದನ್ನು ಓದಿದಾಗ ನಾನು ಆಸ್ಪತ್ರೆಯ ಬೆಂಚಿನ ಮೇಲೆ ನೆಟ್ಟಗೆ ಕೂತೆ. ನಮ್ಮ ಕನ್ನಡ!

ಸುದ್ದಿ ಮುಟ್ಟಿದ ಎರಡು ತಿಂಗಳೊಳಗೆ ಇಂಗ್ಲೆಂಡಿನಲ್ಲಿ ನಷ್ಟದಷ್ಟೂ ಹಣ ಸೇರಿತು ಅನ್ನುವುದನ್ನೇ ಚರ್ಚಿನ ಪ್ರಸಂಗಗಳಲ್ಲಿ, ಅಂದರೆ ಉಪದೇಶಗಳಲ್ಲಿ, ದೊಡ್ಡದು ಮಾಡಿ ಹೇಳುತ್ತಾರೆ. ನನಗೆ ಹಿಡಿಸಿದ್ದು ಅದಲ್ಲ. ಕೇರಿ ಆ ಬೂದಿಯ ನಡುವೆ ಓಡಾಡುವಾಗ ಕಣ್ಣೀರು ಹಾಕಿದರು. ಆದ ಮೇಲಿನ ಭಾನುವಾರ ಪ್ರಸಂಗಕ್ಕೆ ಕೀರ್ತನೆ 46:10 ತೆಗೆದುಕೊಂಡರು. ಸುಮ್ಮನಿರಿ, ನಾನೇ ದೇವರೆಂದು ತಿಳಿದುಕೊಳ್ಳಿ ಎನ್ನುವ ವಚನ. ನಮ್ಮದೆಲ್ಲವನ್ನೂ ಹೇಗೆ ಬೇಕಾದರೂ ನಡೆಸುವ ಹಕ್ಕು ದೇವರದ್ದು, ಅದಕ್ಕೆ ತಲೆಬಾಗುವುದು ನಮ್ಮ ಪಾಲಿನ ಕೆಲಸ ಅಂದರು. ಆಮೇಲೆ ಮತ್ತೆ ಒಂದನೇ ಪುಟದಿಂದ ಬರೆಯಲು ಕೂತರು. ಒಮ್ಮೆ ನಡೆದ ದಾರಿ ಎರಡನೇ ಸಲ ಸ್ವಲ್ಪ ಸುಲಭ ಅಂತ ಒಂದು ಪತ್ರದಲ್ಲಿ ಬರೆದರಂತೆ. 1817ರಲ್ಲಿ ಅವರ ಕನ್ನಡ ವ್ಯಾಕರಣ ಅಚ್ಚಾಯಿತು.

ಗಮನಿಸಿ, ಆತನ ಚಿತ್ತ ಅನ್ನುವ ಮಾತನ್ನು ಹೇಳಿದವರು ಕಳೆದುಕೊಂಡವರೇ. ಸುಟ್ಟದ್ದು ಅವರ ಹಾಳೆ, ಅತ್ತದ್ದು ಅವರ ಕಣ್ಣು.

ಇನ್ನೊಂದು ಮಾತು. ಅವರ ಹೆಂಡತಿ ಡೊರೋಥಿಯ ಕಥೆ ಓದಿ ನನಗೆ ಕೇರಿ ಮೇಲೆ ಸಿಟ್ಟೇ ಬಂತು. ಆಕೆ ಮೊದಲು ಬರುವುದೇ ಇಲ್ಲ ಅಂದವಳು. ಬಂದ ಮರುವರ್ಷ ಐದು ವರ್ಷದ ಮಗ ಪೀಟರ್ ಭೇದಿಯಿಂದ ತೀರಿಕೊಂಡ. ಆಕೆಯ ಮನಸ್ಸು ಕೆಟ್ಟಿತು. 1807ರಲ್ಲಿ ಸಾಯುವವರೆಗೂ ಸರಿಹೋಗಲಿಲ್ಲ. ಆಕೆಗೂ ಯಾರಾದರೂ "ಅಳಬೇಡ ಕಣಮ್ಮ" ಅಂದಿರುತ್ತಾರಾ? ಅವಳ ಪಾಲಿಗೆ ದೇವರ ಚಿತ್ತ ಏನಿತ್ತು ಅಂತ ಹೇಳುವ ಧೈರ್ಯ ನನಗಿಲ್ಲ. ಆ ಪ್ರಶ್ನೆಯನ್ನು ಹಾಗೇ ಬಿಟ್ಟಿದ್ದೇನೆ.

ಮತ್ತೆ ನೋಡಿ, ನಮ್ಮ ಹಿರಿಯರ ಕೈಗೆ ಸಿಕ್ಕ ಪೂರ್ತಿ ಕನ್ನಡ ಬೈಬಲ್ ಕೇರಿಯವರದ್ದಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರದ್ದು. ಬೆಂಕಿ ಬಿದ್ದಾಗಲೇ ಅವರು ಇಲ್ಲಿದ್ದರು. ಇದು ನನಗೆ ಸಮಾಧಾನ ಕೊಡುತ್ತದೆ. ಎಲ್ಲವೂ ನನ್ನ ಕೈಯಿಂದಲೇ ಆಗಬೇಕಾಗಿಲ್ಲ ಅಂತ.

ಕೇರಿ ತೆಗೆದುಕೊಂಡ ಆ ಕೀರ್ತನೆಯ ಮಾತಿಗೆ ಬರುತ್ತೇನೆ. ಕನ್ನಡದಲ್ಲಿ ಸುಮ್ಮನಿರು ಅಂದರೆ ಬಾಯಿ ಮುಚ್ಚು ಅಂತಲೇ ಕೇಳಿಸುತ್ತದೆ. ಮೂಲದ ಹೀಬ್ರೂ ಮಾತಿಗೆ ಸಡಿಲ ಬಿಡು, ಕೈ ಬಿಡು ಅನ್ನುವ ಅರ್ಥ ಇದೆಯಂತೆ. ಡಯಾಲಿಸಿಸ್ ಆಗುವಾಗ ಸೂಜಿ ಚುಚ್ಚಿದ ಕೈಯನ್ನು ಆಡಿಸುವ ಹಾಗಿಲ್ಲ. ಮೊದಲ ತಿಂಗಳು ಇವರು ಮುಷ್ಟಿ ಬಿಗಿದೇ ಮಲಗುತ್ತಿದ್ದರು. ಈಗ ಬೆರಳು ಬಿಚ್ಚಿರುತ್ತವೆ. ಭಯ ಹೋಗಿಲ್ಲ. ಬಿಪಿ ಇಳಿದರೆ ನರ್ಸನ್ನು ಕೂಗುತ್ತಾರೆ, ಕಾಲು ಸೆಳೆತ ಬಂದರೆ ಬೈಯುತ್ತಾರೆ. ಆ ಕೈ ಮಾತ್ರ ಹಾಗೇ ಬಿಚ್ಚಿಕೊಂಡು ಇರುತ್ತದೆ. ನನ್ನ ಪ್ರಾರ್ಥನೆಯೂ ಈಗ ಹೆಚ್ಚುಕಡಿಮೆ ಹೀಗೇ. ಬೈಗುಳ, ಕೂಗು, ಎಲ್ಲ ಇದೆ. ಕಿಡ್ನಿ ಯಾರಾದರೂ ಕೊಡುವ ಹಾಗೆ ಮಾಡು ಅಂತ ದಿನಾ ಕೇಳುತ್ತೇನೆ. ಯಾಕೆ ಅಂತ ಕೇಳುವುದು ಕಡಿಮೆಯಾಗಿದೆ.

ಸಭೆಯಲ್ಲಿ ಒಬ್ಬ ಅಕ್ಕ ಇದ್ದಾರೆ. ಬುಧವಾರ ಬರುತ್ತಾರೆ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಾರೆ. ಇವತ್ತಿನವರೆಗೂ ಒಂದು ವಚನ ಹೇಳಿಲ್ಲ.

ನಾಳೆ ಬುಧವಾರ. ಬೆಳಿಗ್ಗೆ ಆರೂವರೆಗೆ ಬಸ್ಸು. ಬರುವವರು ಬನ್ನಿ, ಬೆಂಚಿನ ಮೇಲೆ ಜಾಗ ಇರುತ್ತದೆ. ಎಳನೀರು ಬೇಡ.