ಡಾಕ್ಟರ್ ಡ್ರೂ ಹಾಗೆ ಸಾಯ್ಲಿಲ್ಲ ಕಣ್ರೀ

ನಿನ್ನೆ ಒಂದು ಕಾಲೇಜಲ್ಲಿ ರಕ್ತದಾನ ಶಿಬಿರ. ಮುಖ್ಯ ಅತಿಥಿಗಳು ಮೈಕ್ ಹಿಡಿದು ಮತ್ತೆ ಅದೇ ಕಥೆ ಹೇಳಿದ್ರು. ಅಮೆರಿಕದಲ್ಲಿ ಬ್ಲಡ್ ಬ್ಯಾಂಕ್ ಕಟ್ಟಿದ ಕಪ್ಪು ಡಾಕ್ಟರ್ ಚಾರ್ಲ್ಸ್ ಡ್ರೂ ಆಕ್ಸಿಡೆಂಟಲ್ಲಿ ಬಿದ್ದಿದ್ದಾಗ ಬಿಳಿಯರ ಆಸ್ಪತ್ರೆಯವರು ರಕ್ತ ಕೊಡದೆ ಸಾಯಿಸಿದ್ರಂತೆ. ಹುಡುಗ್ರು ಚಪ್ಪಾಳೆ ಹೊಡೆದ್ರು. ನಂಗೆ ಹೊಟ್ಟೆ ಉರೀತು.

ಸುಳ್ಳು ರೀ ಅದು. 1950ರ ಏಪ್ರಿಲ್ 1, ನಾರ್ತ್ ಕೆರೊಲಿನಾದಲ್ಲಿ ಕಾರು ಓಡಿಸ್ತಿದ್ದಾಗ ಅವರಿಗೆ ಜೊಂಪು ಹತ್ತಿ ಕಾರು ಪಲ್ಟಿ ಆಯ್ತು. ಹತ್ತಿರದ ಆಸ್ಪತ್ರೇಲಿ ಬಿಳಿ ಡಾಕ್ಟರುಗಳೇ ಕೈಲಾದ್ದೆಲ್ಲ ಮಾಡಿದ್ರು, ಏಟು ಜೋರಿತ್ತು, ಉಳೀಲಿಲ್ಲ. ಜೊತೇಲಿದ್ದ ಕಪ್ಪು ಡಾಕ್ಟರೇ ಇದನ್ನ ಹೇಳಿದಾರೆ. 45 ವರ್ಷ ಅಷ್ಟೇ ಆಗಿತ್ತು.

ಆ ಮನುಷ್ಯ ಬದುಕಿದ್ದಾಗ ಮಾಡಿದ ಕೆಲಸ ಯಾಕೆ ಯಾರೂ ಹೇಳಲ್ಲ? ಕೂಡಿಟ್ಟ ರಕ್ತದ ಮೇಲೆ ಕೊಲಂಬಿಯಾ ಯೂನಿವರ್ಸಿಟೀಲಿ ಸಂಶೋಧನೆ ಮಾಡಿ 1940ರಲ್ಲಿ ಡಾಕ್ಟರೇಟ್ ತಗೊಂಡ್ರು, ಅದೇ ವರ್ಷ ಲಂಡನ್ ಮೇಲೆ ಬಾಂಬ್ ಬೀಳ್ತಿತ್ತು, ನ್ಯೂಯಾರ್ಕಿಂದ ಬ್ರಿಟನ್ನಿಗೆ ಪ್ಲಾಸ್ಮಾ (ರಕ್ತಕಣ ತೆಗೆದ ಮೇಲೆ ಉಳಿಯೋ ದ್ರವ) ಕಳಿಸೋ ಹೊಣೆ ಇವರ ಹೆಗಲಿಗೆ ಬಂತು. ಒಂದೊಂದು ಆಸ್ಪತ್ರೆ ಒಂದೊಂದು ಥರ ಪ್ಲಾಸ್ಮಾ ತೆಗೀತಿತ್ತು, ಬ್ಯಾಕ್ಟೀರಿಯಾ ಸೇರ್ಕೊಳ್ಳೋ ಭಯ ಬೇರೆ. ಎಲ್ಲಾ ಕಡೆ ಒಂದೇ ಕ್ರಮ, ಒಂದೇ ಟೆಸ್ಟು ಅಂತ ಹಟ ಹಿಡಿದು ಕೂರಿಸಿದ್ದು ಡ್ರೂ. 14,500ಕ್ಕೂ ಹೆಚ್ಚು ಸಲ ಜನ ಬಂದು ರಕ್ತ ಕೊಟ್ರು. 1941ರಲ್ಲಿ ರೆಡ್ ಕ್ರಾಸಲ್ಲಿ ಸೈನ್ಯಕ್ಕೋಸ್ಕರ ಒಣ ಪ್ಲಾಸ್ಮಾ ತಯಾರಿಸೋ ಕೆಲಸಕ್ಕೂ ಇವರೇ ಮುಂದಾಳು.

ನಮ್ಮ ಬ್ಲಡ್ ಬ್ಯಾಂಕ್ ಫ್ರೀಜರಿಂದ ಪ್ಲಾಸ್ಮಾ ಬ್ಯಾಗ್ ತೆಗೆದ್ರೆ ಕಲ್ಲಿನ ಥರ ಇರುತ್ತೆ, 37 ಡಿಗ್ರಿ ನೀರಲ್ಲಿ ಇಟ್ರೆ ನಿಧಾನಕ್ಕೆ ಕರಗಿ ತಿಳಿ ಹಳದಿ ಆಗುತ್ತೆ. ಯುದ್ಧಭೂಮೀಲಿ ಎಲ್ಲೀ ಫ್ರೀಜರ್? ಅಲ್ಲಿಗೆ ಹೋಗಿದ್ದು ಆ ಒಣ ಪ್ಲಾಸ್ಮಾ, ಒಂದು ಬಾಟ್ಲೀಲಿ ಪುಡಿ, ಇನ್ನೊಂದರಲ್ಲಿ ನೀರು. ಕಲಸಿ ಸೂಜಿ ಚುಚ್ಚೋದು. ಬಹಳ ಜನರ ಪ್ಲಾಸ್ಮಾ ಬೆರೆಸಿರ್ತಿದ್ರಿಂದ ಗ್ರೂಪ್ ನೋಡ್ತಾ ಕೂರೋ ಹಾಗಿರ್ಲಿಲ್ಲ. ರಕ್ತ ಸುರಿದು ಬಿಪಿ ಬಿದ್ದ ಸೈನಿಕನ್ನ ಆಪರೇಶನ್ ಟೇಬಲ್‌ವರೆಗೆ ಉಳಿಸ್ಕೊಳ್ತಿದ್ದಿದ್ದು ಅದು.

ಅನ್ಯಾಯ ಆಗ್ಲಿಲ್ಲ ಅಂತ ನಾನು ಹೇಳ್ತಿಲ್ಲ. ಅದೇ 1941ರ ಕೊನೇಲಿ ರೆಡ್ ಕ್ರಾಸಿನವರು ಕಪ್ಪು ಜನರ ರಕ್ತ ಬೇಡ ಅಂದ್ರು, 1942ರಲ್ಲಿ ತಗೊಂಡ್ರೂ ಬೇರೆ ಲೇಬಲ್ ಹಚ್ಚಿ ಬೇರೆ ಇಟ್ರು. ಆ ವ್ಯವಸ್ಥೆ ಕಟ್ಟಿದವರ ರಕ್ತವೇ ಅದಕ್ಕೆ ಬೇಡವಾಯ್ತು! ಇದಕ್ಕೆ ವಿಜ್ಞಾನದ ಆಧಾರ ಏನೂ ಇಲ್ಲ ಅಂತ ಡ್ರೂ ಬಹಿರಂಗವಾಗೇ ಹೇಳಿದ್ರು. ಇಷ್ಟು ದೊಡ್ಡ ನಿಜ ಎದುರಿಗಿದ್ದಾಗ ಸುಳ್ಳು ಯಾಕೆ ಬೇಕು?

"ಹೋಗ್ಲಿ ಬಿಡಿ ಮೇಡಂ, ಆ ಕಥೆ ಕೇಳಿ ನಾಲ್ಕು ಜನ ರಕ್ತ ಕೊಟ್ರೆ ಒಳ್ಳೇದೇ ಅಲ್ವಾ" ಅಂದ್ರು ನಮ್ಮ ಕೌನ್ಸೆಲರ್. ಅಲ್ಲ. ಒಂದೊಂದು ಬಾಟ್ಲೀನೂ ಟೆಸ್ಟ್ ಆಗ್ಲೇಬೇಕು ಅಂತ ಹಟ ಹಿಡಿದವರ ಬಗ್ಗೆ ಟೆಸ್ಟ್ ಮಾಡದ ಮಾತು ಹೇಳ್ಬಾರ್ದು.

ಇಷ್ಟು ಸಿಟ್ಟು ಯಾಕೆ ಗೊತ್ತಾ? ಆರು ವರ್ಷ ಇದೇ ಕಥೇನ ನಾನೂ ಶಿಬಿರಗಳಲ್ಲಿ ಕಣ್ಣಲ್ಲಿ ನೀರು ತುಂಬ್ಕೊಂಡು ಹೇಳಿದೀನಿ. ನಿನ್ನೆ ಎದ್ದು ನಿಂತು ತಪ್ಪು ಅನ್ನೋಕೆ ಬಾಯೇ ಬರ್ಲಿಲ್ಲ.

ಇವತ್ತು ಬೆಳಿಗ್ಗೆ ಆ ಕಾಲೇಜಿನ ಎನ್‌ಎಸ್‌ಎಸ್ ಮೇಷ್ಟ್ರಿಗೆ ಫೋನ್ ಮಾಡಿ, ಹುಡುಗ್ರನ್ನ ಹತ್ತತ್ತು ಜನ ನಮ್ಮಲ್ಲಿಗೇ ಕಳ್ಸಿ ಸರ್ ಅಂದೆ. ಸೋಮವಾರ ಮೊದಲ ಬ್ಯಾಚ್ ಬರ್ತಿದೆ. ಫ್ರೀಜರ್ ಬಾಗಿಲು ತೆಗೆದು ಅಲ್ಲಿಂದಲೇ ಶುರು ಮಾಡ್ತೀನಿ.