ತಡವಾಗಿ ಬಂದ ರೈಲಿಗೆ ಹೂವಿನ ಹಾರ

ಬಿಸಿಲು ನೆತ್ತಿಗೇರುವ ಮೊದಲೇ ಚಹಾ ಮುಗಿಸುವ ಕಲಬುರಗಿಯವರಿಗೆ ಆಸ್ಕರ್ ಸಮಾರಂಭದ ವೇಳೆ ಹೇಳಿ ಮಾಡಿಸಿದಂತಿದೆ. 2025ರ ಮಾರ್ಚ್ 2ರ ಸಂಜೆ ಲಾಸ್ ಏಂಜಲೀಸ್‌ನಲ್ಲಿ 97ನೆಯ ಪ್ರಶಸ್ತಿ ಪ್ರದಾನ ಆರಂಭವಾದಾಗ ಇಲ್ಲಿ ಮರುದಿನ ಬೆಳಗಿನ ಐದೂವರೆ. ಸೂಪರ್ ಮಾರ್ಕೆಟ್ ಬಳಿಯ ಅಂಗಡಿಯಲ್ಲಿ ಸುಸಲಾ, ಮಿರ್ಚಿ ಮುಗಿಯುವಷ್ಟರಲ್ಲಿ ನಮ್ಮ ಮೊಬೈಲುಗಳಲ್ಲಿ ಇತಿಹಾಸವು ನಾಲ್ಕಾರು ಬಾರಿ ನಿರ್ಮಾಣವಾಗಿತ್ತು.

ನಿರ್ದೇಶಕ ಶಾನ್ ಬೇಕರ್ ಒಂದೇ ಚಿತ್ರಕ್ಕೆ ಒಂದೇ ರಾತ್ರಿ ನಾಲ್ಕು ಪ್ರತಿಮೆ ಪಡೆದದ್ದು ಒಂದು ಮೈಲಿಗಲ್ಲು. ನಟ ಏಡ್ರಿಯನ್ ಬ್ರೋಡಿ, ಭಾಷಣ ಮೊಟಕುಗೊಳಿಸಲು ಮೊಳಗಿದ ವಾದ್ಯವನ್ನೇ ನಿಲ್ಲಿಸಲು ಹೇಳಿ, ಐದೂವರೆ ನಿಮಿಷ ಮೀರಿ ಧನ್ಯವಾದ ಅರ್ಪಿಸಿದ್ದೂ ದಾಖಲೆಯಾಯಿತು. ನಮ್ಮೂರಿನ ಸನ್ಮಾನ ಸಮಾರಂಭಗಳಲ್ಲಿ ಅಷ್ಟು ಹೊತ್ತಿಗೆ ವೇದಿಕೆಯ ಮೇಲಿನ ಗಣ್ಯರ ಹೆಸರುಗಳೇ ಓದಿ ಮುಗಿದಿರುವುದಿಲ್ಲವಾದ್ದರಿಂದ, ಈ ದಾಖಲೆಗೆ ಇಲ್ಲಿ ಯಾರೂ ಬೆರಗಾಗಲಿಲ್ಲ.

ಆದರೆ ಆಸ್ಕರ್ ಕೊಡುವ ಅಕಾಡೆಮಿಗೆ ಬಲು ಪ್ರಿಯವಾದ ಮೈಲಿಗಲ್ಲೆಂದರೆ ‘ಮೊದಲಿಗರು’. ವಸ್ತ್ರವಿನ್ಯಾಸದ ಪ್ರಶಸ್ತಿಯನ್ನು 1949ರಿಂದ ಕೊಡುತ್ತಿದ್ದರೂ ಅದನ್ನು ಪಡೆದ ಮೊದಲ ಕಪ್ಪು ಪುರುಷರಾಗುವ ಭಾಗ್ಯ ಪಾಲ್ ಟೇಜ್‌ವೆಲ್ ಅವರಿಗೆ ಬಂದದ್ದು ಆ ಸಲ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವರ ಸೂಜಿ-ದಾರಕ್ಕೆ ಆ ಗೌರವ ಸಲ್ಲಲೇಬೇಕು. ಉಳಿದರ್ಧ ಚಪ್ಪಾಳೆಯನ್ನು ಸಭಿಕರು ತಮ್ಮ ಔದಾರ್ಯಕ್ಕೆ ತಾವೇ ತಟ್ಟಿಕೊಂಡಂತೆ ನನಗೆ ಕಂಡಿತು. "ಮೊದಲ್ನೇದವ್ರು ಅಂದ್ರ, ಇಷ್ಟು ದಿನ ಬಾಗಿಲಾ ಹಾಕ್ಕೊಂಡಿದ್ರೇನ್ರಿ?" ಎಂದು ಪಕ್ಕದ ಬೆಂಚಿನ ಹಿರಿಯರು ಕೇಳಿದರು.

ಹಾಕಿಕೊಂಡೇ ಇದ್ದರು. 1940ರಲ್ಲಿ ಹ್ಯಾಟಿ ಮೆಕ್‌ಡ್ಯಾನಿಯಲ್ ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆಯಾದ ರಾತ್ರಿ, ಕಪ್ಪು ಜನರಿಗೆ ಪ್ರವೇಶವಿಲ್ಲದ ಹೋಟೆಲಿನೊಳಗೆ ಅವರನ್ನು ವಿಶೇಷ ಅನುಮತಿಯ ಮೇಲೆ ಬಿಟ್ಟುಕೊಂಡು, ಸಹನಟರಿಂದ ದೂರ, ಗೋಡೆಯ ಬದಿಯ ಸಣ್ಣ ಮೇಜಿಗೆ ಕೂರಿಸಲಾಗಿತ್ತು. ಅತ್ಯುತ್ತಮ ನಟಿಯ ಪ್ರಶಸ್ತಿ ಕಪ್ಪು ಮಹಿಳೆಯೊಬ್ಬರ ಕೈಗೆ ಬರಲು 2002ರವರೆಗೆ, 74ನೆಯ ಸಮಾರಂಭದವರೆಗೆ ಕಾಯಬೇಕಾಯಿತು. ಬಾಗಿಲು ತೆರೆಯಿತೆಂದು ಹ್ಯಾಲಿ ಬೆರಿ ಅಂದು ಕಣ್ಣೀರಿಟ್ಟರು; 97ನೆಯ ಸಮಾರಂಭದವರೆಗೂ ಆ ಬಾಗಿಲಿನಿಂದ ಎರಡನೆಯವರು ಒಳಬಂದಿರಲಿಲ್ಲ. ಮಹಿಳೆಯೊಬ್ಬರು ಅತ್ಯುತ್ತಮ ನಿರ್ದೇಶಕರೆನಿಸಿದ್ದು 2010ರಲ್ಲಿ, 82ನೆಯ ಸಲಕ್ಕೆ.

ವಾಡಿ ಜಂಕ್ಷನ್ನಿಗೆ ರೈಲೊಂದು ಎಪ್ಪತ್ನಾಲ್ಕು ವರ್ಷ ತಡವಾಗಿ ಬಂತೆಂದು ಭಾವಿಸೋಣ. ಪ್ಲಾಟ್‌ಫಾರ್ಮಿನಲ್ಲಿ ತಲೆ ನೆರೆಯುವವರೆಗೆ ಕಾದವರ ಕ್ಷಮೆ ಕೇಳುವುದು ರೂಢಿ. ಆಸ್ಕರ್ ರೈಲು ಹಾಗಲ್ಲ; ಅದು ಎಂಜಿನ್ನಿಗೆ ಹಾರ ಹಾಕಿಸಿಕೊಂಡು, ಬ್ಯಾಂಡು ಬಾರಿಸುತ್ತ ಬಂದು, ಹತ್ತಿದ ಒಬ್ಬನೇ ಪ್ರಯಾಣಿಕನ ಫೋಟೊ ತೆಗೆಸಿ, ಮಿಕ್ಕವರಿಗೆ ಕೈಬೀಸಿ ಹೊರಟುಬಿಡುತ್ತದೆ.

ಗಂಜಿನಲ್ಲಿ ಆಯುಷ್ಯವಿಡೀ ತೊಗರಿ ತೂಗಿದ ಆ ಹಿರಿಯರಿಗೆ ಉಳಿದದ್ದು ಪ್ರತಿಮೆಯ ತೂಕದ ಪ್ರಶ್ನೆ. ನಾಲ್ಕು ಕಿಲೋಗೆ ತುಸು ಕಡಿಮೆ ಎಂದೆ. ಗೆದ್ದವರು ಅದನ್ನು ಮಾರುವುದಾದರೆ ಮೊದಲು ಅಕಾಡೆಮಿಗೇ ಒಂದು ಡಾಲರಿಗೆ ಕೊಡಲು ಮುಂದಾಗಬೇಕೆಂಬ ಕರಾರನ್ನೂ ತಿಳಿಸಿದೆ.

"ಅದಕಿಂತ ತೊಗರೀನೇ ಪಾಡ ಅಲ್ರೀ" ಎಂದು ಅವರು ಇನ್ನೊಂದು ಮಿರ್ಚಿ ಮುರಿದರು.