ಮುಚ್ಚಿದ ಕಿಟಕಿಯೊಳಗಿನ ತಾಯಿ

ಚಳಿಗಾಲ ಶುರುವಾಯಿತೆಂದರೆ ಕೂಸಿರುವ ಮನೆಯಲ್ಲಿ ಮೊದಲು ಮುಚ್ಚುವುದು ಕಿಟಕಿಯನ್ನು. ಗಾಳಿ ಬಡಿದೀತು, ಮಗುವಿಗೆ ಶೀತವಾದೀತು ಎಂಬ ಆತಂಕ ತಪ್ಪೇನಲ್ಲ. ಆದರೆ ಆ ಕೋಣೆಯೊಳಗೆ ಮಗುವಿನ ಜೊತೆ ತಾಯಿಯೂ ಇರುತ್ತಾಳೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ನನ್ನ ಎರಡನೆಯ ಮಗು ಹುಟ್ಟಿದ್ದು ಡಿಸೆಂಬರ್‌ನಲ್ಲಿ. ದಪ್ಪ ಪರದೆ ಎಳೆದ ಕೋಣೆಯಲ್ಲಿ ಹಗಲಿಡೀ ದೀಪ ಉರಿಯುತ್ತಿತ್ತು, ಕುರ್ಚಿಯ ಬೆನ್ನಿನ ಮೇಲೆ ಎರಡು ದಿನವಾದರೂ ಒಣಗದ ಪುಟ್ಟ ಬಟ್ಟೆಗಳು ಜೋತುಬಿದ್ದಿರುತ್ತಿದ್ದವು, ಗಡಿಯಾರದಲ್ಲಿ ಐದು ಗಂಟೆಯಾಗಿದ್ದರೆ ಅದು ಬೆಳಗಿನದೋ ಸಂಜೆಯದೋ ಎಂದು ತಿಳಿಯಲು ಫೋನ್ ನೋಡಬೇಕಾಗುತ್ತಿತ್ತು. ಬಂದವರೆಲ್ಲ ಕೇಳಿದ್ದು ಮಗುವಿನ ನಿದ್ದೆಯ ಬಗ್ಗೆ. ನನ್ನ ನಿದ್ದೆಯ ಬಗ್ಗೆ ಮೊದಲು ಕೇಳಿದವರು ಆರನೆಯ ವಾರದ ತಪಾಸಣೆಯಲ್ಲಿದ್ದ ದಾದಿ. ಉತ್ತರ ಹೇಳಲು ಹೋಗಿ ಅತ್ತುಬಿಟ್ಟೆ.

ಬೆಳಕಿನ ಕೊರತೆಗೂ ಮನಸ್ಸಿನ ಕುಗ್ಗುವಿಕೆಗೂ ಇರುವ ನಂಟು ಕೇವಲ ಅನಿಸಿಕೆಯಲ್ಲ. ಋತುಮಾನಕ್ಕೆ ತಕ್ಕಂತೆ ಮರುಕಳಿಸುವ ಖಿನ್ನತೆಯನ್ನು ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಅವರ ಸಹೋದ್ಯೋಗಿಗಳು 1984ರಲ್ಲಿಯೇ ವಿವರಿಸಿದ್ದರು. ಅದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಕಣ್ಣಿನ ಮೂಲಕ ಮೆದುಳಿಗೆ ತಲುಪುವ ಬೆಳಕು ದೇಹದ ಗಡಿಯಾರವನ್ನು ದಿನವೂ ಸರಿಹೊಂದಿಸುತ್ತದೆ, ನಿದ್ದೆಯ ಸಮಯವನ್ನು ಸೂಚಿಸುವ ಮೆಲಟೋನಿನ್ ಎಂಬ ಹಾರ್ಮೋನಿನ ಏರಿಳಿತವನ್ನು ನಿಯಂತ್ರಿಸುತ್ತದೆ. ಮನೆಯೊಳಗಿನ ದೀಪದಿಂದ ಸಿಗುವುದು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಬೆಳಕು ಮಾತ್ರ. ಮೋಡ ಕವಿದ ಹಗಲಿನಲ್ಲಿಯೂ ಹೊರಗೆ ಸಾವಿರಕ್ಕೂ ಹೆಚ್ಚು ಲಕ್ಸ್ ಇರುತ್ತದೆ. ಅಂದರೆ, ಮಂಕು ಕವಿದಿದೆ ಎಂದು ನಾವು ಒಳಗೇ ಕುಳಿತುಬಿಡುವ ದಿನದಲ್ಲಿ ಕೂಡ ಹೊಸ್ತಿಲಾಚೆ ನಮ್ಮ ಕೋಣೆಗಿಂತ ಹಲವು ಪಟ್ಟು ಬೆಳಕಿದೆ.

ಇದನ್ನು ಓದಿದ ಕೂಡಲೇ "ಹಾಗಾದರೆ ಹೊರಗೆ ಒಂದು ಸುತ್ತು ಹಾಕಿ ಬಾ" ಎನ್ನುವವರಿದ್ದಾರೆ. ನನಗೂ ಹೇಳಿದ್ದರು. ಟೋಪಿ ಹಾಕಿ, ಕಾಲುಚೀಲ ತೊಡಿಸಿ, ಕಂಬಳಿ ಸುತ್ತಿ ಇನ್ನೇನು ಬಾಗಿಲು ತೆಗೆಯಬೇಕು ಎನ್ನುವಷ್ಟರಲ್ಲಿ ಮಗು ಒದ್ದೆ ಮಾಡಿಕೊಳ್ಳುತ್ತದೆ. ಎಲ್ಲವನ್ನೂ ಬಿಚ್ಚಿ, ಒರೆಸಿ, ಮತ್ತೆ ತೊಡಿಸುವ ಹೊತ್ತಿಗೆ ಹಾಲಿಗೆ ಅಳುತ್ತದೆ. ಹಾಲು ಕುಡಿಸಿ ತಲೆ ಎತ್ತಿದರೆ ಬಿಸಿಲೇ ಇರುವುದಿಲ್ಲ. ಸಲಹೆಗಿಂತ ತಾಯಿಗೆ ಬೇಕಾಗಿರುವುದು ಅರ್ಧ ಗಂಟೆ ಮಗುವನ್ನು ಎತ್ತಿಕೊಳ್ಳುವ ಇನ್ನೊಂದು ಜೊತೆ ಕೈ. ರಾತ್ರಿಯ ವಿಷಯವೂ ಅಷ್ಟೇ. ಎದೆಹಾಲು ತಾಯಿಯೇ ಕೊಡಬೇಕೆಂಬುದನ್ನು ಒಪ್ಪೋಣ. ಆದರೆ ತೇಗು ಬರಿಸುವುದು, ಬಟ್ಟೆ ಬದಲಿಸುವುದು, ತಟ್ಟಿ ಮಲಗಿಸುವುದು ಯಾರಿಂದಲೂ ಆಗುವ ಕೆಲಸಗಳು. ಅವನ್ನು ಬೇರೆಯವರು ವಹಿಸಿಕೊಂಡರೆ ತಾಯಿಗೆ ನಾಲ್ಕೈದು ಗಂಟೆಯ ಒಂದೇ ಗುಕ್ಕಿನ ನಿದ್ದೆಗೆ ಅವಕಾಶವಾಗಬಹುದು. ಚಳಿಗಾಲದಲ್ಲಿ ದೊಡ್ಡ ಮಗುವೂ ಕೆಮ್ಮುತ್ತಾ ಏಳುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಡೀ ಮನೆ ಜ್ವರದಲ್ಲಿ ಮಲಗಿದರೂ ತಾಯಿಯ ಜ್ವರಕ್ಕೆ ರಜೆಯಿಲ್ಲ.

ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಬಹುಪಾಲು ತಾಯಂದಿರ ಅನುಭವ, ಅದು ಸುಮಾರು ಎರಡು ವಾರಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಕಡಿಮೆಯಾಗದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಹತ್ತದಿದ್ದರೆ, ಯಾವುದರಲ್ಲಿಯೂ ಆಸಕ್ತಿ ಉಳಿಯದಿದ್ದರೆ, ತಾನು ಕೆಟ್ಟ ತಾಯಿ ಎಂಬ ಭಾವನೆ ಬಿಡದೆ ಕಾಡುತ್ತಿದ್ದರೆ, ಅದಕ್ಕೆ ಚಳಿಯ ನೆಪ ಹೇಳಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆಗಷ್ಟೇ ಹೆತ್ತವರಲ್ಲಿ ಸುಮಾರು ಶೇ. 13ರಷ್ಟು ಮಂದಿಗೆ ಮಾನಸಿಕ ಸಮಸ್ಯೆ, ಮುಖ್ಯವಾಗಿ ಖಿನ್ನತೆ, ಬರುತ್ತದೆ. ಇದನ್ನು ಗುರುತಿಸಲು ನೆರವಾಗುವ ಎಡಿನ್‌ಬರೋ ಮಾಪನ 1987ರಿಂದ ಬಳಕೆಯಲ್ಲಿದೆ: ಕಳೆದ 7 ದಿನಗಳ ಮನಃಸ್ಥಿತಿಯ ಬಗ್ಗೆ ಹತ್ತೇ ಪ್ರಶ್ನೆಗಳು, ಕೊನೆಯದು ತನಗೇ ಹಾನಿ ಮಾಡಿಕೊಳ್ಳುವ ಯೋಚನೆಯನ್ನು ಕುರಿತದ್ದು. ಅಂಕವೇ ರೋಗನಿರ್ಣಯವಲ್ಲವಾದರೂ ವೈದ್ಯರೊಡನೆ ಮಾತು ಆರಂಭಿಸಲು ಅದು ಸಾಕು. ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆಗಳಲ್ಲಿಯೂ ಇದೇ ಬಗೆಯ ದಣಿವು, ಮಂಕು ಕಾಣಿಸುವುದರಿಂದ ರಕ್ತಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಬೇಕು. ಇಲ್ಲದ ದನಿ ಕೇಳಿಸುವುದು, ನಿದ್ದೆಯಿಲ್ಲದೆಯೂ ವಿಪರೀತ ಚಟುವಟಿಕೆ, ತಿಳಿವಿಲ್ಲದ ಗೊಂದಲ ಕಂಡರೆ ಮಾತ್ರ ಕಾಯುವಂತಿಲ್ಲ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಹತ್ತು ಸಾವಿರ ಲಕ್ಸ್‌ನ ಬೆಳಕಿನ ಪೆಟ್ಟಿಗೆಯ ಮುಂದೆ ಬೆಳಗ್ಗೆ ಅರ್ಧ ಗಂಟೆ ಕೂರುವ ಚಿಕಿತ್ಸೆ ಚಳಿಗಾಲದ ಖಿನ್ನತೆಯಲ್ಲಿ ಬಳಕೆಯಲ್ಲಿದೆ. ಆದರೆ ಅತಿಯಾದ ಉತ್ಸಾಹ ಮತ್ತು ಖಿನ್ನತೆ ಸರದಿಯಂತೆ ಬರುವ ಬೈಪೋಲಾರ್ ಸಮಸ್ಯೆ ಅಥವಾ ಕಣ್ಣಿನ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಅದಕ್ಕೆ ಕೈ ಹಾಕಬಾರದು. ನನಗೆ ನಿಜವಾಗಿ ನೆರವಾದದ್ದು ಆಪ್ತಸಮಾಲೋಚನೆ ಮತ್ತು ಕೆಲವು ತಿಂಗಳ ಮಾತ್ರೆ. ಎದೆಹಾಲು ಕೊಡುವಾಗಲೂ ತೆಗೆದುಕೊಳ್ಳಬಹುದಾದ ಖಿನ್ನತೆಯ ಔಷಧಗಳಿವೆ ಎಂಬುದು ನನಗೆ ಗೊತ್ತಿರಲೇ ಇಲ್ಲ, ಹಾಗಾಗಿ ಮೂರು ವಾರ ಸುಮ್ಮನೆ ಸಹಿಸಿದ್ದೆ.

ಮಕ್ಕಳು ದೊಡ್ಡವರಾದ ತಾಯಂದಿರ ಚಳಿಗಾಲ ಬೇರೆ. ಮಂಡಿ ನೋವಿಗೆ ಹೊರಗೆ ಹೋಗುವುದನ್ನು ನಿಲ್ಲಿಸಿ, ಕತ್ತಲಾದೊಡನೆ ಹಾಸಿಗೆ ಸೇರುವ ಅಮ್ಮ ಫೋನಿನಲ್ಲಿ "ನನಗೇನು, ಚೆನ್ನಾಗಿದ್ದೇನೆ" ಎನ್ನುತ್ತಾರೆ. ಇವತ್ತು ಯಾರ ಜೊತೆ ಮಾತನಾಡಿದೆ, ಹೊರಗೆ ಎಷ್ಟು ಹೊತ್ತು ಇದ್ದೆ ಎಂದು ಕೇಳಿದರೆ ಬೇರೆ ಉತ್ತರ ಸಿಗುತ್ತದೆ.

ಈಗ ನನ್ನ ಗೆಳತಿಯೊಬ್ಬಳಿಗೆ ಎರಡು ತಿಂಗಳ ಮಗುವಿದೆ. ವಾರಕ್ಕೆ ಮೂರು ದಿನ ಬೆಳಗ್ಗೆ ಹೋಗಿ ಮಗುವನ್ನು ಎತ್ತಿಕೊಳ್ಳುತ್ತೇನೆ. ಅವಳು ಹೊರಗಿನ ಮೆಟ್ಟಿಲ ಮೇಲೆ ಬರಿಗೈಯಲ್ಲಿ ಕೂರುತ್ತಾಳೆ. ಮೊದಲ ದಿನ ಐದೇ ನಿಮಿಷಕ್ಕೆ ಒಳಗೆ ಬಂದು "ಅತ್ತಿತಾ?" ಎಂದು ಕೇಳಿದಳು. ಅತ್ತಿತ್ತು. ಅಳಲಿಲ್ಲ ಎಂದು ಹೇಳಿ ವಾಪಸು ಕಳಿಸಿದೆ.